ಸೊಂಟದ ಕೀಲು ಬದಲಾಯಿಸಿದ ಮೇಲೂ ಕುಂಟು ಉಳಿದರೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಮುಲುಂಡ್, ಡೊಂಬಿವಲಿ, ಬೊರಿವಲಿ ಕಡೆಯ ಕನ್ನಡ ಮನೆಗಳಿಗೆ ಫಿಸಿಯೋಥೆರಪಿಗಾಗಿ ಹೋಗುವಾಗಲೆಲ್ಲ ಹಿರಿಯರೂ ಅವರ ಮಕ್ಕಳೂ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಆಸ್ಪತ್ರೆಯಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಅವಸರದಲ್ಲಿ ಹೇಳಿದ ಮಾತು ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ. ಆದ್ದರಿಂದ ಉತ್ತರಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇನೆ. ಇವು ನಿಮ್ಮ ಶಸ್ತ್ರವೈದ್ಯರ ಸಲಹೆಗೆ ಬದಲಿಯಲ್ಲ; ಅವರ ಮುಂದೆ ಕುಳಿತಾಗ ಏನು ಕೇಳಬೇಕೆಂದು ತಿಳಿದಿರಲಿ ಎಂಬುದೇ ಉದ್ದೇಶ.

ನೋವು ಪೂರ್ತಿ ಹೋಗಿದೆ, ಆದರೆ ಕುಂಟು ಹೋಗಿಲ್ಲ. ಶಸ್ತ್ರಚಿಕಿತ್ಸೆ ವಿಫಲವಾಯಿತೇ?

ಹೆಚ್ಚಿನ ಸಂದರ್ಭಗಳಲ್ಲಿ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಬದಲಾಗುವುದು ಸವೆದ ಕೀಲು ಮಾತ್ರ. ಆ ಕೀಲನ್ನು ಆಡಿಸುವ ಸ್ನಾಯುಗಳು ನಿಮ್ಮವೇ, ಹಳೆಯವೇ. ನಾಲ್ಕೈದು ವರ್ಷ ನೋವಿನಿಂದ ಆ ಕಾಲಿನ ಮೇಲೆ ಭಾರ ಹಾಕದೆ ನಡೆದವರ ಸ್ನಾಯು ಶಸ್ತ್ರಚಿಕಿತ್ಸೆಗೆ ಮೊದಲೇ ಸೊರಗಿರುತ್ತದೆ, ಹೊಸ ಕೀಲು ಬಂದ ಮಾತ್ರಕ್ಕೆ ಅದು ತುಂಬಿಕೊಳ್ಳುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಅಲ್ಪಸ್ವಲ್ಪ ಕುಂಟು ಇರುವುದು ಸಹಜ. ಆರು ತಿಂಗಳ ಹೊತ್ತಿಗೆ ಅದು ಸ್ಪಷ್ಟವಾಗಿ ಕಡಿಮೆಯಾಗಿರಬೇಕು, ಒಂದು ವರ್ಷದವರೆಗೂ ಸುಧಾರಣೆ ನಡೆಯುತ್ತಲೇ ಇರುತ್ತದೆ. ಆರು ತಿಂಗಳಾದರೂ ಮೊದಲಿದ್ದಷ್ಟೇ ಕುಂಟು ಇದ್ದರೆ, ಅಥವಾ ಒಮ್ಮೆ ಚೆನ್ನಾಗಿ ನಡೆಯುತ್ತಿದ್ದವರು ಮತ್ತೆ ಕುಂಟತೊಡಗಿದರೆ, ‘ವಯಸ್ಸಾಯಿತಲ್ಲ’ ಎಂದು ಸುಮ್ಮನಿರಬಾರದು. ಕುಂಟು ಒಂದು ಲಕ್ಷಣವಷ್ಟೇ, ಅದರ ಹಿಂದೆ ಒಂದು ಕಾರಣವಿರುತ್ತದೆ, ಮತ್ತು ಆ ಕಾರಣ ತಿಳಿಯದೆ ವ್ಯಾಯಾಮದ ಮೇಲೆ ವ್ಯಾಯಾಮ ಹೇರುವುದು ರೋಗಿಗೆ ಅನ್ಯಾಯ.

ಯಾವ ಸ್ನಾಯು ದುರ್ಬಲವಾಗಿರುತ್ತದೆ? ನಡೆಯುವಾಗ ಅದರ ಕೆಲಸವೇನು?

ಸೊಂಟದ ಹೊರಬದಿಯಲ್ಲಿ, ಕಟಿಮೂಳೆಯ (ಪೆಲ್ವಿಸ್) ಅಗಲವಾದ ರೆಕ್ಕೆಯಿಂದ ಹೊರಟು ತೊಡೆಮೂಳೆಯ ಮೇಲ್ತುದಿಯ ಹೊರಗುಬ್ಬಿಗೆ ಬಂದು ಸೇರುವ ಎರಡು ಸ್ನಾಯುಗಳಿವೆ. ಮೇಲಿನದು ಗ್ಲೂಟಿಯಸ್ ಮೀಡಿಯಸ್, ಅದರ ಅಡಿಯಲ್ಲಿರುವುದು ಗ್ಲೂಟಿಯಸ್ ಮಿನಿಮಸ್. ಕಾಲನ್ನು ಪಕ್ಕಕ್ಕೆ ಎತ್ತುವುದು ಇವುಗಳ ಕೆಲಸವೆಂದು ಪುಸ್ತಕದಲ್ಲಿ ಓದುತ್ತೇವೆ. ಆದರೆ ಬದುಕಿನಲ್ಲಿ ನಾವು ಕಾಲನ್ನು ಪಕ್ಕಕ್ಕೆ ಎತ್ತುವುದು ಅಪರೂಪ. ಇವುಗಳ ನಿಜವಾದ ಕೆಲಸ ಒಂಟಿ ಕಾಲಿನ ಮೇಲೆ ನಿಂತಾಗ ಕಟಿಯನ್ನು ಸಮತಟ್ಟಾಗಿ ಹಿಡಿಯುವುದು. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಕೆಲ ಕ್ಷಣ ನಾವು ಒಂಟಿ ಕಾಲಿನ ಮೇಲೇ ಇರುತ್ತೇವಲ್ಲ.

ಬಾವಿಯ ಏತವನ್ನು ನೆನಪಿಸಿಕೊಳ್ಳಿ. ಕಂಬದ ಆಚೆಯ ಉದ್ದನೆಯ ತುದಿಯಲ್ಲಿ ನೀರಿನ ಬಾನಿ, ಈಚೆಯ ಗಿಡ್ಡ ತುದಿಯಲ್ಲಿ ಭಾರದ ಕಲ್ಲು. ಈಚೆಯ ತುದಿ ಗಿಡ್ಡವಾದಷ್ಟೂ ಕಲ್ಲು ಭಾರವಾಗಿರಬೇಕು. ಸೊಂಟದಲ್ಲಿ ಕೀಲೇ ಕಂಬ, ದೇಹದ ತೂಕವೇ ಬಾನಿ, ಈ ಸ್ನಾಯುಗಳೇ ಕಲ್ಲು. ಸ್ನಾಯು ಎಳೆಯುವ ಜಾಗ ಕೀಲಿಗೆ ತೀರ ಹತ್ತಿರವಿರುವುದರಿಂದ ಅದು ದೇಹದ ತೂಕಕ್ಕಿಂತ ಹೆಚ್ಚು ಬಲದಿಂದ ಎಳೆಯಬೇಕಾಗುತ್ತದೆ. ತೂಕವೂ ಈ ಎಳೆತವೂ ಸೇರಿ, ನಡೆಯುವಾಗ ಕೀಲಿನ ಮೇಲೆ ದೇಹದ ತೂಕದ ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. 60 ಕಿಲೋ ತೂಕದವರಿಗೆ ಅದು 150ರಿಂದ 180 ಕಿಲೋ. ಇಷ್ಟು ಕೆಲಸ ಮಾಡಬೇಕಾದ ಸ್ನಾಯು ಸೋತರೆ ನಡಿಗೆಯಲ್ಲಿ ಅದು ಕಾಣದೆ ಇರಲು ಸಾಧ್ಯವಿಲ್ಲ.

ವೈದ್ಯರಿಗೆ ಇದನ್ನು ಹೇಗೆ ವಿವರಿಸಬೇಕು? ಪ್ರತಿ ಸಲ ಬೆನ್ನಿನ ಎಕ್ಸ್-ರೇ ತೆಗೆಸುತ್ತಾರೆ.

ಈ ಪ್ರಶ್ನೆ ಮುಂಬೈಯ ಕನ್ನಡಿಗರದ್ದೇ. ನಾವು ‘ಸೊಂಟ’ ಎಂಬ ಒಂದೇ ಪದವನ್ನು ಬೆನ್ನಿನ ಕೆಳಭಾಗಕ್ಕೂ ತೊಡೆಯ ಕೀಲಿಗೂ ಬಳಸುತ್ತೇವೆ. ಅದನ್ನೇ ಹಿಂದಿಗೆ ತಂದು ‘ಕಮರ್’ ಎಂದರೂ ಮರಾಠಿಗೆ ತಂದು ‘ಕಂಬರ್’ ಎಂದರೂ ಕೇಳುವವರು ಬೆನ್ನಿನ ಕೆಳಭಾಗವನ್ನೇ ನೋಡುತ್ತಾರೆ. ಕೀಲಿನ ಬಗ್ಗೆ ಹೇಳಬೇಕಾದರೆ ಮರಾಠಿಯಲ್ಲಿ ‘ಖುಬಾ’, ಹಿಂದಿಯಲ್ಲಿ ‘ಕೂಲ್ಹಾ’ ಎನ್ನಿ. ಅದಕ್ಕಿಂತ ಉತ್ತಮವೆಂದರೆ ಕೈಯಿಟ್ಟು ಜಾಗವನ್ನು ತೋರಿಸಿ. ತೊಡೆಯ ಹೊರಗುಬ್ಬಿನ ಮೇಲೆ ನೋವೇ, ತೊಡೆಸಂದಿಯಲ್ಲಿ ನೋವೇ, ಪೃಷ್ಠದಲ್ಲಿ ನೋವೇ ಎಂಬುದು ಬೇರೆ ಬೇರೆ ಕಾರಣಗಳತ್ತ ಬೆರಳು ತೋರಿಸುತ್ತದೆ. ಕುಂಟು ಯಾವಾಗ ಶುರುವಾಯಿತು, ಶಸ್ತ್ರಚಿಕಿತ್ಸೆಗೆ ಮೊದಲೂ ಇತ್ತೇ, ಬೆಳಿಗ್ಗೆ ಹೆಚ್ಚೋ ಸಂಜೆ ದಣಿದಾಗ ಹೆಚ್ಚೋ ಎಂಬುದನ್ನೂ ಹೇಳಿ. ಸಾಧ್ಯವಾದರೆ ಮನೆಯವರು ಹಿಂದಿನಿಂದ ಮೊಬೈಲಿನಲ್ಲಿ ಅರ್ಧ ನಿಮಿಷದ ನಡಿಗೆಯ ವಿಡಿಯೋ ತೆಗೆದುಕೊಂಡು ಹೋಗಲಿ, ಏಕೆಂದರೆ ಇಕ್ಕಟ್ಟಾದ ತಪಾಸಣೆಯ ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆಯುವಾಗ ಎಲ್ಲರೂ ಎಚ್ಚರದಿಂದ ನೇರವಾಗಿಯೇ ನಡೆಯುತ್ತಾರೆ. ಡಿಸ್ಚಾರ್ಜ್ ಕಾರ್ಡ್ ಜೊತೆಗೆ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನೂ ಕೃತಕ ಕೀಲಿನ ಸ್ಟಿಕ್ಕರ್ ಇರುವ ಹಾಳೆಯನ್ನೂ ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.

ಸ್ನಾಯು ದುರ್ಬಲವಾಗಲು ಕಾರಣಗಳೇನು?

ಮೊದಲನೆಯದನ್ನು ಆಗಲೇ ಹೇಳಿದೆ: ಹಳೆಯ ನೋವಿನಿಂದ ಬಳಕೆಯಿಲ್ಲದೆ ಸೊರಗಿದ ಸ್ನಾಯು. ಇದು ಅತಿ ಸಾಮಾನ್ಯ, ಮತ್ತು ಗುಣವಾಗುವ ಸಾಧ್ಯತೆ ಹೆಚ್ಚಿರುವುದೂ ಇದೇ.

ಎರಡನೆಯದು ಕೀಲನ್ನು ತಲುಪಲು ವೈದ್ಯರು ಆರಿಸಿಕೊಂಡ ದಾರಿ. ಆಧುನಿಕ ಕೀಲು ಬದಲಾವಣೆಗೆ ಬುನಾದಿ ಹಾಕಿದ ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲಿ ತಮ್ಮ ಕೀಲನ್ನು ಕೂರಿಸುವಾಗ ತೊಡೆಮೂಳೆಯ ಹೊರಗುಬ್ಬನ್ನು ಸ್ನಾಯುವಿನ ಸಮೇತ ಕತ್ತರಿಸಿ, ಕೊನೆಯಲ್ಲಿ ತಂತಿಯಿಂದ ಮತ್ತೆ ಕಟ್ಟುತ್ತಿದ್ದರು. ಆ ತುಂಡು ಕೂಡಿಕೊಳ್ಳದೆ ಉಳಿದವರಿಗೆ ಕುಂಟು ಉಳಿಯುತ್ತಿತ್ತು. 1982ರಲ್ಲಿ ಕೆವಿನ್ ಹಾರ್ಡಿಂಜ್ ವಿವರಿಸಿದ ಪಕ್ಕದ ದಾರಿಯಲ್ಲಿ ಮೂಳೆಯನ್ನು ಕತ್ತರಿಸುವುದಿಲ್ಲ, ಆದರೆ ಗ್ಲೂಟಿಯಸ್ ಮೀಡಿಯಸ್‌ನ ಮುಂಭಾಗವನ್ನು ಬಿಡಿಸಿ ಮತ್ತೆ ಹೊಲಿಯುತ್ತಾರೆ. ಆ ಹೊಲಿಗೆ ಬಿಟ್ಟುಕೊಂಡರೆ ಸ್ನಾಯುವಿಗೆ ಎಳೆಯಲು ಹಿಡಿತವೇ ಇರುವುದಿಲ್ಲ. ಹಿಂಬದಿಯ ದಾರಿಯಲ್ಲಿ ಈ ಸ್ನಾಯುಗಳನ್ನು ಮುಟ್ಟದೆ ಕಾಲನ್ನು ಹೊರಕ್ಕೆ ತಿರುಗಿಸುವ ಚಿಕ್ಕ ಸ್ನಾಯುಗಳನ್ನು ಬಿಡಿಸುತ್ತಾರೆ. ಮುಂಬದಿಯ ದಾರಿಯಲ್ಲಿ ಸ್ನಾಯುಗಳ ನಡುವೆಯೇ ಸಾಗುತ್ತಾರೆ. ಹಾಗೆಂದು ಪಕ್ಕದ ದಾರಿ ತಪ್ಪು ಎಂದು ತಿಳಿಯಬೇಡಿ. ಕೀಲು ಜಾರುವ ಅಪಾಯ ಅದರಲ್ಲಿ ಕಡಿಮೆ, ಅನೇಕ ಅನುಭವಿಗಳು ಅದನ್ನು ಯೋಚಿಸಿಯೇ ಆರಿಸುತ್ತಾರೆ. ನಿಮ್ಮದು ಯಾವ ದಾರಿ ಎಂಬುದು ತಿಳಿದಿರಬೇಕು, ಅಷ್ಟೇ. ವ್ಯಾಯಾಮದ ಕ್ರಮ ಅದರ ಮೇಲೆ ನಿಂತಿದೆ.

ಮೂರನೆಯದು ನರ. ಈ ಎರಡೂ ಸ್ನಾಯುಗಳಿಗೆ ಶಕ್ತಿ ಕೊಡುವ ಸುಪೀರಿಯರ್ ಗ್ಲೂಟಿಯಲ್ ನರ ತೊಡೆಮೂಳೆಯ ಹೊರಗುಬ್ಬಿನ ತುದಿಯಿಂದ ಸುಮಾರು 5 ಸೆಂಟಿಮೀಟರ್ ಮೇಲೆ ಸ್ನಾಯುವಿನೊಳಗೆ ಹಾದುಹೋಗುತ್ತದೆ. ಸ್ನಾಯುವನ್ನು ಅದಕ್ಕಿಂತ ಮೇಲಕ್ಕೆ ಸೀಳಿದರೆ ಅಥವಾ ಬಲವಾಗಿ ಎಳೆದು ಹಿಡಿದರೆ ನರ ಜಗ್ಗಿಕೊಳ್ಳಬಹುದು. ಬೆನ್ನುಮೂಳೆಯಲ್ಲಿ ಐದನೆಯ ಸೊಂಟದ ನರಬೇರು ಒತ್ತಿಕೊಂಡಿದ್ದರೂ ಇದೇ ಸ್ನಾಯು ಸೋಲುತ್ತದೆ, ಆದ್ದರಿಂದ ಬೆನ್ನಿನ ಪರೀಕ್ಷೆ ಯಾವಾಗಲೂ ವ್ಯರ್ಥವಲ್ಲ.

ನಾಲ್ಕನೆಯದು ಅಳತೆ. ಹೊಸ ಕೀಲಿನ ಕೇಂದ್ರದಿಂದ ತೊಡೆಮೂಳೆ ಎಷ್ಟು ಹೊರಗೆ ನಿಲ್ಲುತ್ತದೆ ಎಂಬ ಅಂತರಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಅದು ಮೊದಲಿಗಿಂತ ಕಡಿಮೆಯಾದರೆ ಸ್ನಾಯು ಸಡಿಲವಾದ ಹಗ್ಗದಂತಾಗುತ್ತದೆ, ಏತದ ಗಿಡ್ಡ ತುದಿ ಇನ್ನೂ ಗಿಡ್ಡವಾಗುತ್ತದೆ. ಕೊನೆಯದಾಗಿ, ಚೆನ್ನಾಗಿದ್ದವರಲ್ಲಿ ತಡವಾಗಿ ಕಾಣಿಸಿಕೊಳ್ಳುವ ಕಾರಣಗಳಿವೆ: ಕೀಲು ಸಡಿಲವಾಗುವುದು, ಸೋಂಕು, ಹೊರಗುಬ್ಬಿನ ಬಿರುಕು, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ) ವಯಸ್ಸಿನಿಂದ ಸವೆದು ಹರಿಯುವುದು, ಮತ್ತು ಲೋಹದ ಮೇಲೆ ಲೋಹ ಉಜ್ಜುವ ಹಳೆಯ ಬಗೆಯ ಕೀಲುಗಳಲ್ಲಿ ಲೋಹದ ಕಣಗಳಿಂದ ಸುತ್ತಲಿನ ಸ್ನಾಯು ಹಾಳಾಗುವುದು.

ಮನೆಯಲ್ಲೇ ಗುರುತಿಸಬಹುದೇ?

ಅಂದಾಜು ಮಾಡಬಹುದು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ವಿವರಿಸಿದ ಪರೀಕ್ಷೆಯನ್ನು ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲಿ ಮಾಡುತ್ತಾರೆ, ಅದಕ್ಕೆ ಯಂತ್ರವೇನೂ ಬೇಡ. ಶಸ್ತ್ರಚಿಕಿತ್ಸೆಯಾದ ಕಾಲಿನ ಮೇಲೆ ಪೂರ್ತಿ ಭಾರ ಹಾಕಲು ವೈದ್ಯರು ಅನುಮತಿ ಕೊಟ್ಟ ಮೇಲೆ ಮಾತ್ರ, ಅಡುಗೆಮನೆಯ ಕಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿಕೊಂಡು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಆ ಕಾಲಿನ ಮೇಲೆ ನಿಂತು ಇನ್ನೊಂದು ಪಾದವನ್ನು ನೆಲದಿಂದ ಸ್ವಲ್ಪ ಎತ್ತಿ. ಹಿಂದಿನಿಂದ ನೋಡುವವರಿಗೆ ಎರಡೂ ಬದಿಯ ಕಟಿ ಒಂದೇ ಮಟ್ಟದಲ್ಲಿ ಕಾಣಬೇಕು, ಮತ್ತು 30 ಸೆಕೆಂಡುಗಳ ಕಾಲ ಹಾಗೆಯೇ ಉಳಿಯಬೇಕು. ಎತ್ತಿದ ಕಾಲಿನ ಕಡೆಯ ಕಟಿ ಕೆಳಗೆ ಜಾರಿದರೆ ನಿಂತ ಕಾಲಿನ ಸ್ನಾಯು ದುರ್ಬಲವೆಂದು ಅರ್ಥ.

ಇಲ್ಲಿ ಅನೇಕರು ಎಡವುತ್ತಾರೆ: ಜಾರುವುದು ಒಳ್ಳೆಯ ಕಾಲಿನ ಕಡೆ, ಸೋತಿರುವುದು ಇನ್ನೊಂದು ಕಾಲು. ಕೆಲವರಲ್ಲಿ ಕಟಿ ಜಾರುವುದೇ ಇಲ್ಲ, ಬದಲಿಗೆ ಇಡೀ ಮೈ ಸೋತ ಕಾಲಿನ ಮೇಲೆ ವಾಲುತ್ತದೆ. ಇದು ತೂಕವನ್ನು ಕೀಲಿಗೆ ಹತ್ತಿರ ತಂದು ಸ್ನಾಯುವಿನ ಕೆಲಸವನ್ನು ತಪ್ಪಿಸಲು ದೇಹ ಕಂಡುಕೊಂಡ ಉಪಾಯ. ನೋವು ಅಥವಾ ತೋಲನದ ತೊಂದರೆಯಿದ್ದರೆ ಫಲಿತಾಂಶ ತಪ್ಪಾಗಬಹುದು. ಆದ್ದರಿಂದ ಮನೆಯ ಪರೀಕ್ಷೆಯಿಂದ ನಿರ್ಧಾರಕ್ಕೆ ಬರದೆ ಅದನ್ನು ವೈದ್ಯರ ಬಳಿಗೆ ಹೋಗಲು ಕಾರಣವಾಗಿ ಬಳಸಿ.

ವೈದ್ಯರು ಯಾವ ಪರೀಕ್ಷೆಗಳನ್ನು ಬರೆಯುತ್ತಾರೆ? ಎಲ್ಲವೂ ಬೇಕೇ?

ಎಲ್ಲವೂ ಎಲ್ಲರಿಗೂ ಬೇಡ. ಮೊದಲು ಕೈಯಿಂದ ಮಾಡುವ ಪರೀಕ್ಷೆ: ಪಕ್ಕಕ್ಕೆ ಮಲಗಿಸಿ ಕಾಲನ್ನು ಮೇಲೆತ್ತಲು ಹೇಳಿ, ಕೈಯಿಂದ ತಡೆದು, 0ಯಿಂದ 5ರವರೆಗಿನ ಅಂಕಗಳಲ್ಲಿ ಬಲವನ್ನು ಗುರುತಿಸುತ್ತಾರೆ. ಗುರುತ್ವಾಕರ್ಷಣೆಯ ವಿರುದ್ಧ ಎತ್ತಬಲ್ಲವರಾದರೆ 3, ಪೂರ್ತಿ ತಡೆಯನ್ನು ಎದುರಿಸಬಲ್ಲವರಾದರೆ 5. ಆಮೇಲೆ ಎಕ್ಸ್-ರೇ. ಅದರಲ್ಲಿ ಕೀಲಿನ ಸ್ಥಾನ, ಆಫ್‌ಸೆಟ್, ಕಾಲಿನ ಉದ್ದ, ಬಿರುಕು, ಸಡಿಲತೆ ಎಲ್ಲವೂ ತಿಳಿಯುತ್ತವೆ. ಹೆಚ್ಚಿನವರಿಗೆ ಇಷ್ಟು ಸಾಕು, ಮೂರು ತಿಂಗಳ ಸರಿಯಾದ ವ್ಯಾಯಾಮದ ನಂತರ ಮತ್ತೆ ನೋಡಿದರೆ ದಾರಿ ಸ್ಪಷ್ಟವಾಗುತ್ತದೆ.

ಸ್ನಾಯುರಜ್ಜು ಹರಿದಿರುವ ಅನುಮಾನವಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಲೋಹ ಒಳಗಿರುವುದರಿಂದ ಎಂಆರ್‌ಐ ಮಾಡಲಾಗದು ಎಂಬುದು ತಪ್ಪು ತಿಳಿವಳಿಕೆ. ಸಾಮಾನ್ಯ ವಿಧಾನದಲ್ಲಿ ಲೋಹದ ಸುತ್ತ ಚಿತ್ರ ಕದಡುವುದು ನಿಜ, ಆದರೆ ಆ ಕದಡನ್ನು ತಗ್ಗಿಸುವ ವಿಶೇಷ ವಿಧಾನವಿದೆ. ಚೀಟಿಯಲ್ಲಿ ಅದನ್ನು ಬರೆಸಿಕೊಳ್ಳಿ, ಸಮಯ ಗೊತ್ತುಮಾಡುವಾಗಲೇ ಆ ಸೌಲಭ್ಯವಿದೆಯೇ ಎಂದು ಕೇಳಿ. ಸ್ನಾಯು ಎಷ್ಟರಮಟ್ಟಿಗೆ ಕೊಬ್ಬಾಗಿ ಮಾರ್ಪಟ್ಟಿದೆ ಎಂಬುದೂ ಇದರಲ್ಲೇ ಕಾಣುತ್ತದೆ, ಮುಂದಿನ ಚಿಕಿತ್ಸೆಯ ಫಲ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ನರದ ಅನುಮಾನವಿದ್ದರೆ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಸೂಜಿಯಿಂದ ಅಳೆಯುವ ಇಎಂಜಿ ಪರೀಕ್ಷೆ. ನರ ಪೆಟ್ಟಾದ ಚಿಹ್ನೆಗಳು ಸ್ನಾಯುವಿನಲ್ಲಿ ಕಾಣಲು ಎರಡು ಮೂರು ವಾರ ಬೇಕಾಗುವುದರಿಂದ ಶಸ್ತ್ರಚಿಕಿತ್ಸೆಯಾದ ಮರುದಿನವೇ ಅದನ್ನು ಮಾಡಿಸುವುದರಲ್ಲಿ ಅರ್ಥವಿಲ್ಲ. ಹೊಸದಾಗಿ ನೋವು ಶುರುವಾಗಿದ್ದರೆ ರಕ್ತದಲ್ಲಿ ಉರಿಯೂತವನ್ನು ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ ನೋಡಲೇಬೇಕು, ಏಕೆಂದರೆ ನಿಧಾನಗತಿಯ ಸೋಂಕು ಜ್ವರವಿಲ್ಲದೆಯೂ ಇರಬಲ್ಲದು.

ಶಸ್ತ್ರಚಿಕಿತ್ಸೆಯಾದ ಕಾಲು ಉದ್ದವಾದಂತೆ ಅನಿಸುತ್ತದೆ. ಚಪ್ಪಲಿಯನ್ನು ಎತ್ತರಿಸಬೇಕೇ?

ಅವಸರ ಬೇಡ. ವರ್ಷಗಳಿಂದ ಕುಗ್ಗಿದ್ದ ಸ್ನಾಯುಗಳು ಕಟಿಯನ್ನು ಒಂದು ಬದಿಗೆ ಓರೆಯಾಗಿ ಹಿಡಿದಿರುತ್ತವೆ. ಮೂಳೆಯ ಉದ್ದ ಸಮವಾಗಿದ್ದರೂ ಹೊಸ ಕಾಲು ಉದ್ದವೆನಿಸುತ್ತದೆ. ವ್ಯಾಯಾಮದಿಂದ ಸ್ನಾಯುಗಳು ಸಡಿಲಗೊಂಡಂತೆ ಈ ಭಾವನೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮಾಯವಾಗುತ್ತದೆ, ಅಷ್ಟರೊಳಗೆ ಇನ್ನೊಂದು ಪಾದಕ್ಕೆ ಹಿಮ್ಮಡಿ ಎತ್ತರಿಸಿದರೆ ಆ ಓರೆ ಹಾಗೆಯೇ ಉಳಿದುಬಿಡಬಹುದು. ಆರು ತಿಂಗಳ ನಂತರವೂ ಎಕ್ಸ್-ರೇಯಲ್ಲಿ ಅಳೆದು ವ್ಯತ್ಯಾಸ ನಿಜವೆಂದು ಖಚಿತವಾದರೆ ಆಗ ಪಾದರಕ್ಷೆಯ ಬಗ್ಗೆ ಯೋಚಿಸಬಹುದು.

ವ್ಯಾಯಾಮ ಯಾವಾಗ ಶುರು ಮಾಡಬೇಕು, ಯಾವ ಕ್ರಮದಲ್ಲಿ?

ಶುರುವಾಗುವುದು ಆಸ್ಪತ್ರೆಯ ಹಾಸಿಗೆಯಲ್ಲೇ. ಮಲಗಿಕೊಂಡು ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದು ಐದಾರು ಸೆಕೆಂಡು ಇಟ್ಟು ಬಿಡುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೊಣಕಾಲನ್ನು ಮಡಚುವುದು. ಮುಂದಿನ ಹಂತ ನಿಮ್ಮ ಶಸ್ತ್ರಚಿಕಿತ್ಸೆಯ ದಾರಿಯನ್ನು ಅವಲಂಬಿಸಿದೆ. ಪಕ್ಕದ ದಾರಿಯಲ್ಲಿ ಸ್ನಾಯುವನ್ನು ಹೊಲಿದಿದ್ದರೆ, ಕಾಲನ್ನು ಪಕ್ಕಕ್ಕೆ ಬಲವಂತವಾಗಿ ಎತ್ತುವ ವ್ಯಾಯಾಮವನ್ನು ಅನೇಕ ವೈದ್ಯರು ಸುಮಾರು ಆರು ವಾರಗಳವರೆಗೆ ತಡೆಯುತ್ತಾರೆ. ಆ ಹೊಲಿಗೆ ಕೂಡಿಕೊಳ್ಳಲು ಸಮಯ ಬೇಕು. ಪಕ್ಕದ ಮನೆಯವರು ಎರಡನೆಯ ವಾರವೇ ಕಾಲೆತ್ತಿದರು ಎಂದು ನೀವೂ ಎತ್ತಬೇಡಿ, ಅವರದು ಬೇರೆ ದಾರಿಯ ಶಸ್ತ್ರಚಿಕಿತ್ಸೆಯಾಗಿರಬಹುದು.

ಅನುಮತಿ ಸಿಕ್ಕ ಮೇಲೆ ಕ್ರಮ ಹೀಗಿರುತ್ತದೆ. ಮೊದಲು ಅಂಗಾತ ಮಲಗಿ ಕಾಲನ್ನು ಹಾಸಿಗೆಯ ಮೇಲೆಯೇ ಪಕ್ಕಕ್ಕೆ ಜಾರಿಸುವುದು, ಆಮೇಲೆ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಚಾಚುವುದು, ಮೊಣಕಾಲು ಮಡಚಿ ಮಲಗಿ ಪೃಷ್ಠವನ್ನು ಸೇತುವೆಯಂತೆ ಎತ್ತುವುದು. ಆನಂತರ ಒಳ್ಳೆಯ ಬದಿಗೆ ಮಲಗಿ, ಕಾಲುಗಳ ನಡುವೆ ದಿಂಬಿಟ್ಟುಕೊಂಡು, ಮೇಲಿನ ಕಾಲನ್ನು ಎತ್ತುವುದು. ಇದರಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಕಾಲನ್ನು ಮುಂದಕ್ಕೆ ತಂದು, ಪಾದವನ್ನು ಮೇಲಕ್ಕೆ ತಿರುಗಿಸಿ ಎತ್ತುವುದು. ಆಗ ಮುಂಭಾಗದ ಬೇರೆ ಸ್ನಾಯುಗಳು ಕೆಲಸ ಕದಿಯುತ್ತವೆ. ಬೆನ್ನನ್ನು ಗೋಡೆಗೆ ತಾಗಿಸಿ ಮಲಗಿ, ಹಿಮ್ಮಡಿ ಗೋಡೆಗೆ ಒರೆಯುತ್ತಲೇ ಮೇಲೇರುವಂತೆ ಎತ್ತಿದರೆ ಈ ತಪ್ಪು ಆಗುವುದಿಲ್ಲ. ಮುಂಬೈಯ ಚಿಕ್ಕ ಮನೆಗಳಲ್ಲಿ ಮಂಚ ಗೋಡೆಗೆ ಅಂಟಿಕೊಂಡೇ ಇರುವುದರಿಂದ ಇದಕ್ಕೆ ಅನುಕೂಲವೇ.

ಇಷ್ಟು ಸುಲಭವಾದ ಮೇಲೆ ನಿಂತು ಮಾಡುವ ವ್ಯಾಯಾಮಗಳು: ರಬ್ಬರ್ ಪಟ್ಟಿ ಕಟ್ಟಿಕೊಂಡು ಅಡ್ಡ ಹೆಜ್ಜೆ ಹಾಕುವುದು, ತಗ್ಗು ಮೆಟ್ಟಿಲನ್ನು ಹತ್ತಿ ಇಳಿಯುವುದು, ಕೊನೆಗೆ ಒಂಟಿ ಕಾಲಿನ ಮೇಲೆ ಕಟಿಯನ್ನು ಸಮವಾಗಿ ಹಿಡಿದು ನಿಲ್ಲುವುದು. ಈ ಕೊನೆಯ ಹಂತವನ್ನು ತಲುಪದೆ ನಿಲ್ಲಿಸಿದವರಲ್ಲೇ ಕುಂಟು ಹೆಚ್ಚಾಗಿ ಉಳಿಯುವುದನ್ನು ನಾನು ಕಂಡಿದ್ದೇನೆ. ಹಾಸಿಗೆಯ ಮೇಲೆ ನೂರು ಸಲ ಕಾಲೆತ್ತಬಲ್ಲವರಿಗೂ ಭಾರ ಹೊತ್ತು ನಿಲ್ಲುವ ಅಭ್ಯಾಸ ಬೇರೆಯಾಗಿಯೇ ಆಗಬೇಕು. ವ್ಯಾಯಾಮದ ವೇಳೆ ಸ್ವಲ್ಪ ನೋವು ಬಂದು ಸಂಜೆಯೊಳಗೆ ತಗ್ಗಿದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಯೂ ಹೆಚ್ಚಾಗಿಯೇ ಇದ್ದರೆ ಪ್ರಮಾಣವನ್ನು ಇಳಿಸಿ.

ದಿನವೂ ಶೇಕು ಮತ್ತು ಕರೆಂಟ್ ಕೊಡುತ್ತಿದ್ದಾರೆ. ಸಾಕಲ್ಲವೇ?

ಸಾಲದು. ಬಿಸಿಯ ಶೇಕಿನಿಂದ ಬಿಗಿತ ಸಡಿಲವಾಗಿ ಹಿತವೆನಿಸಬಹುದು, ಆದರೆ ಸ್ನಾಯುವಿಗೆ ಬಲ ಬರುವುದು ಅದು ತಾನೇ ಕೆಲಸ ಮಾಡಿದಾಗ ಮಾತ್ರ, ಮತ್ತು ಆ ಕೆಲಸ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಕಠಿಣವಾಗುತ್ತಾ ಹೋದಾಗ ಮಾತ್ರ. ಸ್ನಾಯುವನ್ನು ಕುಣಿಸುವ ವಿದ್ಯುತ್ ಪ್ರಚೋದನೆ ಮೊದಲ ವಾರಗಳಲ್ಲಿ ತಾನಾಗಿ ಬಿಗಿಹಿಡಿಯಲು ಆಗದವರಿಗೆ ಸಹಾಯಕ. ನೋವು ತಗ್ಗಿಸುವ ಕರೆಂಟ್ ಬೇರೆ, ಎರಡೂ ಒಂದೇ ಅಲ್ಲ. ಮೂರು ತಿಂಗಳಿಂದ ಮಲಗಿಸಿ ಶೇಕು ಮತ್ತು ಕರೆಂಟ್ ಕೊಡುವುದರಲ್ಲೇ ಚಿಕಿತ್ಸೆ ಮುಗಿಯುತ್ತಿದ್ದರೆ, ‘ನನ್ನನ್ನು ನಿಲ್ಲಿಸಿ ವ್ಯಾಯಾಮ ಮಾಡಿಸಿ’ ಎಂದು ಸಂಕೋಚವಿಲ್ಲದೆ ಕೇಳಿ. ಹಾಜಿ ಅಲಿಯಲ್ಲಿ ಪುನರ್ವಸತಿಗೆಂದೇ ಕೇಂದ್ರ ಸರ್ಕಾರ ನಡೆಸುವ ಸಂಸ್ಥೆಯಿದೆ, ಪರೇಲ್ ಮತ್ತು ಸಾಯನ್‌ನ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲೂ ಫಿಸಿಯೋಥೆರಪಿ ವಿಭಾಗಗಳಿವೆ. ಮನೆಗೆ ಬರುವವರ ಶುಲ್ಕ ಹೊರೆಯಾದರೆ ಅಲ್ಲಿ ವಿಚಾರಿಸಿ.

ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಯಾವಾಗ ಬಿಡಬೇಕು?

ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಯಲ್ಲಿ. ಬಲಗಾಲಾದರೆ ಎಡಗೈ. ಸೋತ ಕಾಲಿನ ಕಡೆಯೇ ಕೋಲು ಹಿಡಿಯಬೇಕೆಂದು ಹೆಚ್ಚಿನವರಿಗೆ ತೋಚುತ್ತದೆ, ಆದರೆ ಮತ್ತೆ ಏತವನ್ನು ನೋಡಿ: ಬಾನಿಯ ತುದಿಯನ್ನೇ ಬೆರಳಿನಿಂದ ಸ್ವಲ್ಪ ಎತ್ತಿ ಹಿಡಿದರೂ ಆಚೆಯ ಕಲ್ಲಿನ ಕೆಲಸ ಬಹಳ ಕಡಿಮೆಯಾಗುತ್ತದೆ. ಕೋಲಿನ ತಲೆ ನಿಮ್ಮ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ತುದಿಯ ರಬ್ಬರ್ ಸವೆದಿರಬಾರದು, ಮಳೆಗಾಲಕ್ಕೆ ಮೊದಲು ಅದನ್ನು ಬದಲಿಸಿ.

ಬಿಡುವ ಸಮಯಕ್ಕೆ ತಾರೀಖು ಇಲ್ಲ. ಕೋಲಿಲ್ಲದೆ ನಡೆದಾಗ ಮೈ ವಾಲದಿದ್ದರೆ ಬಿಡಬಹುದು, ವಾಲಿದರೆ ಇನ್ನೂ ಬೇಕು. ಕೆಲವರಿಗೆ ಆರು ವಾರ, ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ‘ಕೋಲು ಹಿಡಿದರೆ ಜನ ಏನೆನ್ನುತ್ತಾರೆ’ ಎಂಬ ಸಂಕೋಚದಿಂದ ಬೇಗ ಬಿಟ್ಟು ವಾಲಿ ನಡೆಯುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಆ ವಾಲುವಿಕೆಯೇ ರೂಢಿಯಾಗಿ, ಸ್ನಾಯು ಬಲಗೊಂಡ ಮೇಲೂ ಅಂಟಿಕೊಂಡಿರುತ್ತದೆ.

ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುವುದು ಯಾವಾಗ?

ನಮ್ಮ ದೇಶದಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು ಕೀಲು ಕುಸಿದ ನಲವತ್ತರ ಆಸುಪಾಸಿನವರೂ ಈ ಶಸ್ತ್ರಚಿಕಿತ್ಸೆಗೆ ಬರುವುದರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕುಳಿತು ಮಾಡುವ ಕೆಲಸಕ್ಕೆ ಆರರಿಂದ ಹನ್ನೆರಡು ವಾರಗಳಲ್ಲಿ ಮರಳಬಹುದು, ಆದರೆ ಮುಂಬೈಯಲ್ಲಿ ಕೆಲಸಕ್ಕಿಂತ ಕೆಲಸಕ್ಕೆ ಹೋಗುವ ದಾರಿ ಕಷ್ಟ. ಪಾದಚಾರಿ ಸೇತುವೆಯ ಮೆಟ್ಟಿಲುಗಳನ್ನು ಪಕ್ಕದ ಕಂಬಿ ಹಿಡಿದು ಹತ್ತಿ ಇಳಿಯಲು, ಪ್ಲಾಟ್‌ಫಾರಂ ಮತ್ತು ಡಬ್ಬಿಯ ನಡುವಿನ ಅಂತರವನ್ನು ಒಂಟಿ ಕಾಲಿನ ಬಲದಲ್ಲಿ ದಾಟಲು, ಗುಂಪಿನ ತಳ್ಳಾಟದಲ್ಲಿ ತೋಲ ತಪ್ಪದೆ ನಿಲ್ಲಲು ಬೇಕಾಗುವುದು ಇದೇ ಸ್ನಾಯು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮತ್ತು ಕೋಲು ಮೊದಲು. ಒಂಟಿ ಕಾಲಿನ ಮೇಲೆ ಹತ್ತು ಸೆಕೆಂಡು ಭದ್ರವಾಗಿ ನಿಲ್ಲಲಾಗದವರು ಸಂದಣಿಯ ವೇಳೆಯಲ್ಲಿ ರೈಲು ಹತ್ತಬಾರದೆಂದು ನಾನು ಹೇಳುತ್ತೇನೆ. ಅಂಗವಿಕಲರ ಡಬ್ಬಿಯಲ್ಲಿ ಪ್ರಯಾಣಿಸುವ ಬಗ್ಗೆ ಪ್ರಮಾಣಪತ್ರದ ವಿಚಾರವನ್ನು ರೈಲ್ವೆಯಲ್ಲೇ ಕೇಳಿಕೊಳ್ಳಿ. ಕೋಲನ್ನು ಮನೆಯಲ್ಲಿ ಬಿಟ್ಟಿದ್ದರೂ ನಿಲ್ದಾಣಕ್ಕೆ ಹೋಗುವಾಗ ಹಿಡಿದುಕೊಳ್ಳಿ. ಅದನ್ನು ಕಂಡ ಜನ ಸ್ವಲ್ಪ ಜಾಗ ಬಿಡುತ್ತಾರೆ.

ನೆಲದ ಮೇಲೆ ಕೂರಬಹುದೇ? ಚಾಳಿನಲ್ಲಿ ಭಾರತೀಯ ಶೈಲಿಯ ಶೌಚಾಲಯವೇ ಇದೆ.

ಹಿಂಬದಿಯ ದಾರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದರೆ ಮೊದಲ ಆರು ವಾರಗಳಿಂದ ಮೂರು ತಿಂಗಳವರೆಗೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚುವುದು, ಕಾಲ ಮೇಲೆ ಕಾಲು ಹಾಕುವುದು, ಕಾಲನ್ನು ಒಳಕ್ಕೆ ತಿರುಗಿಸುವುದು ಸಾಮಾನ್ಯವಾಗಿ ನಿಷಿದ್ಧ. ದುರ್ಬಲ ಸ್ನಾಯು ಇರುವವರಲ್ಲಿ ಕೀಲು ಜಾರುವ ಅಪಾಯ ಇನ್ನೂ ಹೆಚ್ಚು. ಸಾರ್ವಜನಿಕ ಶೌಚಾಲಯವನ್ನೇ ನೆಚ್ಚಿಕೊಂಡವರು ಮನೆಯಲ್ಲಿ ಕಮೋಡ್ ಕುರ್ಚಿಯ ವ್ಯವಸ್ಥೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಕೊಳ್ಳಬೇಕು. ಪೂಜೆಗೂ ಊಟಕ್ಕೂ ಎತ್ತರದ ಕುರ್ಚಿಯೇ ಇರಲಿ. ಮುಂದೆ ಎಂದಾದರೂ ಚಕ್ಕಳಮಕ್ಕಳ ಹಾಕಿ ಕೂರಬಹುದೇ ಎಂಬುದನ್ನು ನಿಮ್ಮ ಕೀಲಿನ ಬಗೆಯನ್ನು ಬಲ್ಲ ಶಸ್ತ್ರವೈದ್ಯರೇ ಹೇಳಬೇಕು.

ವಿಶ್ರಾಂತಿಗೆ ಊರಿಗೆ ಹೋಗಬಹುದೇ?

ಹೋಗಬಹುದು, ಆದರೆ ಮೊದಲ ಆರು ವಾರ ಬೇಡವೆಂದು ನನ್ನ ಅಭಿಪ್ರಾಯ. ಕರಾವಳಿಗೋ ಹುಬ್ಬಳ್ಳಿ ಕಡೆಗೋ ರಾತ್ರಿಯಿಡೀ ಪ್ರಯಾಣವೆಂದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಹೋಗಲೇಬೇಕಾದರೆ ಕೆಳಗಿನ ಬರ್ತ್ ಹಿಡಿದು, ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಎದ್ದು ನಿಂತು, ಪಾದಗಳನ್ನು ಆಡಿಸುತ್ತಿರಿ. ಊರಿನ ಮನೆಯ ಎತ್ತರದ ಹೊಸ್ತಿಲು, ಮಳೆಗಾಲದಲ್ಲಿ ಹಾವಸೆ ಹಿಡಿದ ಅಂಗಳ, ದೂರದ ಬಚ್ಚಲುಮನೆ ಇವುಗಳ ಬಗ್ಗೆ ಮೊದಲೇ ಯೋಚಿಸಿ. ನನ್ನ ದೊಡ್ಡ ಆತಂಕ ಬೇರೆಯೇ: ಊರಿನಲ್ಲಿ ಪ್ರೀತಿಯಿಂದ ಯಾರೂ ಏಳಲು ಬಿಡುವುದಿಲ್ಲ, ಎರಡು ತಿಂಗಳು ವ್ಯಾಯಾಮ ನಿಲ್ಲುತ್ತದೆ, ಮತ್ತು ಆ ಎರಡು ತಿಂಗಳೇ ಸ್ನಾಯು ಚೇತರಿಸಿಕೊಳ್ಳಲು ಅತಿ ಮುಖ್ಯವಾದ ಕಾಲ.

ಎಣ್ಣೆ ಹಚ್ಚಿ ತಿಕ್ಕಿಸಬಹುದೇ?

ಗಾಯ ಪೂರ್ತಿ ಮಾಗುವವರೆಗೆ ಅದರ ಹತ್ತಿರ ಎಣ್ಣೆ ಬೇಡ. ಆಮೇಲೆ ಹಗುರವಾಗಿ ಹಚ್ಚುವುದರಿಂದ ತೊಂದರೆಯಿಲ್ಲ. ಕಾಲನ್ನು ಎಳೆದು ತಿರುಗಿಸುವುದು, ಹೊರಗುಬ್ಬಿನ ಮೇಲೆ ಬಲವಾಗಿ ಒತ್ತುವುದು, ಬಾತಿರುವ ಮೀನಖಂಡವನ್ನು ತಿಕ್ಕುವುದು ಅಪಾಯಕರ. ತಿಕ್ಕುವುದರಿಂದ ಸ್ನಾಯುವಿಗೆ ಬಲ ಬರುವುದಿಲ್ಲ.

ಆಹಾರದಿಂದ ಸಹಾಯವಾಗುತ್ತದೆಯೇ?

ಆಗುತ್ತದೆ. ಅನ್ನ ಸಾರು ಮಾತ್ರ ಉಂಡು ಸ್ನಾಯು ಕಟ್ಟಲಾಗದು. ಬೇಳೆ, ಮೊಳಕೆಕಾಳು, ಮೊಸರು, ಪನೀರ್, ತಿನ್ನುವವರಿಗೆ ಮೊಟ್ಟೆ ಮತ್ತು ಮೀನು ಪ್ರತಿ ಹೊತ್ತಿನ ಊಟದಲ್ಲೂ ಇರಲಿ. ಮೂತ್ರಪಿಂಡದ ತೊಂದರೆಯಿರುವವರು ಪ್ರಮಾಣವನ್ನು ವೈದ್ಯರಲ್ಲಿ ಕೇಳಲಿ. ಬಿಸಿಲು ಕಾಣದ ಫ್ಲ್ಯಾಟಿನಲ್ಲೇ ಇರುವವರಲ್ಲಿ ಡಿ ಜೀವಸತ್ವದ ಕೊರತೆಯಿಂದಲೂ ಸೊಂಟದ ಸುತ್ತಲಿನ ಸ್ನಾಯುಗಳು ಸೋಲುತ್ತವೆ, ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಹತೋಟಿಯಲ್ಲಿರಬೇಕು.

ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಯಾರಿಗೆ?

ಕೆಲವರಿಗೆ ಮಾತ್ರ, ಮತ್ತು ಕಾರಣ ಖಚಿತವಾದ ಮೇಲೆ. ಸ್ನಾಯುರಜ್ಜು ಹರಿದಿದ್ದು, ಸ್ನಾಯು ಇನ್ನೂ ಜೀವಂತವಾಗಿದ್ದರೆ ಅದನ್ನು ಮೂಳೆಗೆ ಮತ್ತೆ ಹೊಲಿಯಬಹುದು; ಬೇಗ ಗುರುತಿಸಿದಷ್ಟೂ ಫಲ ಒಳ್ಳೆಯದು. ಸ್ನಾಯು ಬಹುಪಾಲು ಕೊಬ್ಬಾಗಿದ್ದರೆ ಬರೀ ಹೊಲಿಗೆಯಿಂದ ಪ್ರಯೋಜನ ಕಡಿಮೆ. ಆಗ ಪೃಷ್ಠದ ದೊಡ್ಡ ಸ್ನಾಯುವಾದ ಗ್ಲೂಟಿಯಸ್ ಮ್ಯಾಕ್ಸಿಮಸ್‌ನ ಮುಂಭಾಗವನ್ನು ತಿರುಗಿಸಿ ಹೊರಗುಬ್ಬಿಗೆ ಜೋಡಿಸುವ ವಿಧಾನವಿದೆ. ಇದರಿಂದ ನೋವು ತಗ್ಗಿ ನಡಿಗೆ ಸುಧಾರಿಸಬಹುದು, ಕುಂಟು ಪೂರ್ತಿ ಹೋಗುತ್ತದೆಂದು ಯಾರೂ ಭರವಸೆ ಕೊಡಬಾರದು. ಆಫ್‌ಸೆಟ್ ಬಹಳ ಕಡಿಮೆಯಾಗಿದ್ದರೆ, ಕೀಲು ಸಡಿಲವಾಗಿದ್ದರೆ ಅಥವಾ ಸೋಂಕಿದ್ದರೆ ಮರುಕೀಲು ಶಸ್ತ್ರಚಿಕಿತ್ಸೆಯ ಪ್ರಶ್ನೆ ಬರುತ್ತದೆ.

ನರ ಪೆಟ್ಟಾದವರು ಮಾತ್ರ ಕಾಯಬೇಕು. ಬರೀ ಜಗ್ಗಿದ ನರ ವಾರಗಳಿಂದ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ತಂತು ಕಡಿದಿದ್ದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯುತ್ತದೆ. ಈ ನರಕ್ಕೆ ತನ್ನ ಸ್ನಾಯುವಿನವರೆಗೆ ಹೆಚ್ಚು ದೂರವಿಲ್ಲ ಎಂಬುದೇ ಸಮಾಧಾನ. ಕಾಯುವಾಗಲೂ ಕೋಲು ಮತ್ತು ವ್ಯಾಯಾಮ ಮುಂದುವರಿಯಬೇಕು.

ಯಾವ ಲಕ್ಷಣಗಳಿಗೆ ತಡಮಾಡಬಾರದು?

ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ ಒಂದು ಕಡೆ ತಿರುಗಿ ಭಾರ ಹಾಕಲು ಆಗದಿದ್ದರೆ ಕೀಲು ಜಾರಿರಬಹುದು ಅಥವಾ ಮೂಳೆ ಮುರಿದಿರಬಹುದು. ಮೀನಖಂಡ ಬಾತು ನೋಯುವುದು, ಉಸಿರು ಕಟ್ಟುವುದು, ಎದೆನೋವು ರಕ್ತ ಹೆಪ್ಪುಗಟ್ಟಿದ ಸೂಚನೆ. ಗಾಯದಿಂದ ದ್ರವ ಒಸರುವುದು, ಚಳಿಜ್ವರ, ಪಾದ ಮೇಲೆತ್ತಲಾಗದೆ ಜೋತುಬೀಳುವುದು ಇವಕ್ಕೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮುಂದಿನ ಓಪಿಡಿ ದಿನಕ್ಕಾಗಿ ಕಾಯಬಾರದು.

ಎರಡು ವರ್ಷ ಕಳೆದಿದೆ. ಈಗ ವ್ಯಾಯಾಮ ಮಾಡಿ ಪ್ರಯೋಜನವಿದೆಯೇ?

ಸ್ನಾಯುವೂ ನರವೂ ಉಳಿದಿದ್ದರೆ ಖಂಡಿತ ಇದೆ. ಎಪ್ಪತ್ತು ದಾಟಿದವರ ಸ್ನಾಯುವೂ ಭಾರದ ವ್ಯಾಯಾಮಕ್ಕೆ ಬಲಗೊಳ್ಳುತ್ತದೆ. ಮೊದಲು ಒಂದು ಎಕ್ಸ್-ರೇ ತೆಗೆಸಿ ಕೀಲು ಭದ್ರವಾಗಿದೆಯೆಂದು ಖಚಿತಪಡಿಸಿಕೊಳ್ಳಿ, ಫಿಸಿಯೋಥೆರಪಿಸ್ಟ್ ಒಬ್ಬರಿಂದ ಈಗಿನ ಬಲವನ್ನು ಅಂಕಗಳಲ್ಲಿ ಬರೆಸಿಕೊಳ್ಳಿ. ಆಮೇಲೆ ವಾರಕ್ಕೆ ಮೂರು ದಿನ, ಪ್ರತಿ ವ್ಯಾಯಾಮ ಹತ್ತರಿಂದ ಹದಿನೈದು ಸಲ, ಎರಡು ಮೂರು ಸುತ್ತು. ಹದಿನೈದು ಸುಲಭವೆನಿಸಿದ ದಿನ ರಬ್ಬರ್ ಪಟ್ಟಿಯನ್ನು ಗಟ್ಟಿಯದಕ್ಕೆ ಬದಲಿಸಿ. ಪ್ರತಿ ಭಾನುವಾರ ಕಟ್ಟೆಯ ಪಕ್ಕದಲ್ಲಿ ಕಟಿ ಜಾರದಂತೆ ಒಂಟಿ ಕಾಲಿನ ಮೇಲೆ ಎಷ್ಟು ಸೆಕೆಂಡು ನಿಂತಿರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹನ್ನೆರಡು ವಾರಗಳಲ್ಲಿ ಆ ಅಂಕಿ ಏರದಿದ್ದರೆ ಕ್ಯಾಲೆಂಡರನ್ನೇ ತೆಗೆದುಕೊಂಡು ವೈದ್ಯರ ಬಳಿಗೆ ಹೋಗಿ ಎಂಆರ್‌ಐ ಬಗ್ಗೆ ಕೇಳಿ.